ಮೂರನೇ ಮಹಡಿಗೆ ಒಂದು ಮಂಚ

ಆ ಮಂಚ ಆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಟೈಲರಕ್ಕನಿಗೆ ಒಂದು ವಾರ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಮೂವತ್ತೈದು ವರ್ಷ ಊರವರ ಹೆಗಲು, ಸೊಂಟ, ತೋಳು ಅಳೆದವಳಿಗೆ ಒಂದು ಮಂಚ ಅಳೆಯುವುದು ಯಾವ ಮಹಾ ಕೆಲಸ? ಮಂಚವನ್ನು ಮಲಗಿಸಿಕೊಂಡು ತಲೆಭಾಗ ಮುಂದೆ ಮಾಡಿ ತಂದರೆ ಎರಡನೇ ಮಹಡಿ ದಾಟಿದ ಮೇಲಿನ ತಿರುವಿನಲ್ಲಿ ನಾಲ್ಕು ಬೆರಳು ಕಡಿಮೆ ಬೀಳುತ್ತಿತ್ತು. ಕಾಲಿನ ಭಾಗ ಮುಂದೆ ಮಾಡಿ ನೆಟ್ಟಗೆ ನಿಲ್ಲಿಸಿ ತಂದರೆ ಸಲೀಸಾಗಿ ಹೋಗುತ್ತಿತ್ತು. ಟೈಲರಕ್ಕ ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡು, ತಲೆಭಾಗವೇ ಮುಂದೆ ಎಂದು ತೀರ್ಮಾನಿಸಿದಳು.

ಅವಳಿಗೆ ಮಂಚಕ್ಕಿಂತ ಮುಖ್ಯವಾಗಿದ್ದದ್ದು ಮೂರನೇ ಮಹಡಿಯ ಬಾಗಿಲು.

ಚರ್ಚಿನಲ್ಲಿ ಎಂಟು ಜನರ ಒಂದು ಸಂಘವಿತ್ತು. ಪಾದ್ರಿಗಳೂ ಅಲ್ಲ, ಸಿಸ್ಟರುಗಳೂ ಅಲ್ಲ, ಮನೆಮಠ ಇರುವ ಸಾಮಾನ್ಯ ಜನ. ಸೋಮವಾರ ಸಂಜೆ ಮಕ್ಕಳಿಗೆ ಧರ್ಮಪಾಠ ಹೇಳಿಕೊಡುವ ಕೋಣೆಯಲ್ಲಿ ಸೇರುತ್ತಿದ್ದರು. ಅಲ್ಲಿದ್ದದ್ದು ಮಕ್ಕಳ ಕುರ್ಚಿಗಳು ಮಾತ್ರ. ಅರವತ್ತು ದಾಟಿದವರೆಲ್ಲ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತು, ಪ್ರಾರ್ಥನೆ ಹೇಳಿ, ಯಾವ ಬೀದಿಯಲ್ಲಿ ಯಾರ ಮನೆಯಲ್ಲಿ ಒಲೆ ಉರಿಯುತ್ತಿಲ್ಲ, ಯಾರಿಗೆ ಕನ್ನಡಕ ಬೇಕು, ಯಾರ ಮನೆಗೆ ಹಾಸಿಗೆ ಬೇಕು ಎಂದು ಮಾತಾಡುತ್ತಿದ್ದರು. ಗುರುವಾರ ಇಬ್ಬಿಬ್ಬರಾಗಿ ಆ ಮನೆಗಳಿಗೆ ಹೋಗುತ್ತಿದ್ದರು. ನಿಯಮಗಳು ಸುಲಭ: ಒಬ್ಬರೇ ಹೋಗಬಾರದು, ಕೂರಲು ಹೇಳಿದರೆ ಕೂರಬೇಕು, ಉಪದೇಶ ಮಾಡಬಾರದು, ಒಂದು ಮನೆಯಲ್ಲಿ ಕಂಡದ್ದನ್ನು ಇನ್ನೊಂದು ಮನೆಯಲ್ಲಿ ಆಡಬಾರದು. ಉಪಾಯ ಮಾಡಬಾರದು ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಟೈಲರಕ್ಕನ ಜೋಡಿ ಕಂಡಕ್ಟರು. ಬಸ್ಸಿನಿಂದ ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಮನುಷ್ಯ ಇನ್ನೂ ಬಸ್ಸಿನಿಂದ ಇಳಿದಿರಲಿಲ್ಲ. ಕಿಷ್ಕಿಂಧೆಯಂಥ ಮನೆಗೆ ಹೋದರೂ "ಒಳಗೆ ಜಾಗ ಇದೆ, ಸ್ವಲ್ಪ ಮುಂದೆ ಹೋಗಿ" ಎನ್ನುವವನು. ಹೊಟ್ಟೆಯಲ್ಲಿ ಕಲ್ಮಷವಿಲ್ಲ, ಹಾಗೆಯೇ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಆದ್ದರಿಂದಲೇ ಟೈಲರಕ್ಕ ತನ್ನ ಉಪಾಯವನ್ನು ಅವನಿಗೆ ಹೇಳಲಿಲ್ಲ.

ಅವರಿಬ್ಬರ ಪಾಲಿಗೆ ಬಂದಿದ್ದವನು ಕ್ರೇನಜ್ಜ. ನಲವತ್ತು ವರ್ಷ ಬಂದರಿನಲ್ಲಿ ಕ್ರೇನು ನಡೆಸಿದವನು, ಈಗ ಎಪ್ಪತ್ತೆಂಟು. ಮಕ್ಕಳಿರಲಿಲ್ಲ. ಎರಡು ವರ್ಷದ ಹಿಂದೆ ಹೆಂಡತಿ ತೀರಿಕೊಂಡ ಮೇಲೆ, ಅವಳು ಮಲಗಿದ್ದ ಮಂಚವನ್ನು ಯಾರಿಗೋ ಎತ್ತಿಕೊಟ್ಟು ತಾನು ನೆಲದ ಮೇಲೆ ಮಲಗತೊಡಗಿದ್ದ. ಅಂದಿನಿಂದ ಮೂರನೇ ಮಹಡಿಯಿಂದ ಕೆಳಗಿಳಿದೇ ಇರಲಿಲ್ಲ. ಕಾಲು ಗಟ್ಟಿಯಾಗಿದ್ದವು, ಇಳಿಯುವ ಮನಸ್ಸಿರಲಿಲ್ಲ ಅಷ್ಟೆ. ನಾಲ್ಕನೇ ಮಹಡಿಯ ನರ್ಸಮ್ಮ ಹೋಗಿಬರುವಾಗ ಅವನಿಗೆ ಬೇಕಾದ ಸಾಮಾನು ತಂದು ಬಾಗಿಲ ಬಳಿ ಇಡುತ್ತಿದ್ದಳು. ಸಂಘಕ್ಕೆ ವಿಷಯ ತಿಳಿಸಿದವಳೂ ಅವಳೇ.

"ಅಜ್ಜ ನೆಲದ ಮೇಲಿಂದ ಎದ್ದೇಳೋಕೆ ಕಾಲು ಗಂಟೆ ತಗೋತಾರೆ ಅಕ್ಕ. ಕೇಳಿದ್ರೆ ವ್ಯಾಯಾಮ ಅಂತಾರೆ," ಎಂದಿದ್ದಳು.

ಏಳು ಗುರುವಾರ ಟೈಲರಕ್ಕ, ಕಂಡಕ್ಟರು ಆ ಬಾಗಿಲ ಮುಂದೆ ನಿಂತಿದ್ದರು. ಏಳು ಗುರುವಾರವೂ ಬಾಗಿಲ ಸಣ್ಣ ತೂತಿನಲ್ಲಿ ಒಂದು ಕಣ್ಣು ಕಾಣಿಸಿಕೊಂಡಿತ್ತು.

"ಯಾರು?"

"ಚರ್ಚಿನಿಂದ ಅಜ್ಜ. ಸುಮ್ನೆ ಮಾತಾಡಿಸಿ ಹೋಗೋಣ ಅಂತ."

"ಮಾತಾಡಿಸಿದ್ರಲ್ಲ. ಹೋಗಿ."

ಏಳನೇ ಸಲ ಕಂಡಕ್ಟರು ಮಂಚದ ಮಾತೆತ್ತಿದ. "ಯಾರೋ ಒಳ್ಳೇ ಮರದ ಮಂಚ ಕೊಟ್ಟಿದಾರೆ ಅಜ್ಜ, ಹೊಸದರ ಹಾಗಿದೆ."

"ದಾನದ ಮಂಚದಲ್ಲಿ ನನಗೆ ನಿದ್ದೆ ಬರಲ್ಲ," ಎಂದಿತು ಬಾಗಿಲು. ಕಣ್ಣು ಮಾಯವಾಯಿತು.

ಟೈಲರಕ್ಕ ಅಂದು ಮೆಟ್ಟಿಲಿಳಿಯುತ್ತ ಯೋಚಿಸಿದಳು. ಯಾರಾದರೂ ಕತ್ತರಿಯನ್ನು ತಪ್ಪಾಗಿ ಹಿಡಿದು ಬಟ್ಟೆ ಕತ್ತರಿಸುವುದು ಕಂಡರೆ ತನ್ನ ಕೈ ತುರಿಸುತ್ತದೆ. ಸುಮ್ಮನಿರಲು ಆಗುವುದೇ ಇಲ್ಲ. ಮದುವೆಮನೆಯಾಗಲಿ, ಸಾವಿನ ಮನೆಯಾಗಲಿ, "ಇಲ್ಲಿ ಕೊಡಿ" ಎಂದು ಕಿತ್ತುಕೊಳ್ಳುತ್ತಾಳೆ. ನಲವತ್ತು ವರ್ಷ ಹಡಗಿನ ಸರಕು ಎತ್ತಿ ಇಳಿಸಿದ ಮನುಷ್ಯನ ಬಾಗಿಲ ಮುಂದೆಯೇ ನಾಲ್ಕು ಜನ ಒಂದು ಭಾರವನ್ನು ತಪ್ಪುತಪ್ಪಾಗಿ ಎತ್ತಿದರೆ ಆತ ಒಳಗೆ ಎಷ್ಟು ಹೊತ್ತು ಕೂತಾನು? ಐದು ನಿಮಿಷ. ಹೆಚ್ಚೆಂದರೆ ಹತ್ತು. ಹೀಗೆಂದುಕೊಂಡು ಅವಳು ಕಂಡಕ್ಟರನನ್ನು ಮುಂದೆ ಕಳಿಸಿ, ಮೆಟ್ಟಿಲ ತಿರುವಿನಲ್ಲಿ ಟೇಪು ಬಿಚ್ಚಿದ್ದಳು.

ಮುಂದಿನ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಮಂಚ ವ್ಯಾನಿನಲ್ಲಿ ಬಂತು. ಹೊತ್ತುಕೊಳ್ಳಲು ಫಾದರ್ ತಾವೇ ಬಂದರು. ಹೊಸದಾಗಿ ಬಂದ ಪಾದ್ರಿ, ವಯಸ್ಸು ಚಿಕ್ಕದು. ಪಾದ್ರಿಯಾಗಲು ಗುರುಮಠ ಸೇರುವ ಮುಂಚೆ ಫುಟ್‌ಬಾಲ್ ಆಡಿದವರಂತೆ. ಭುಜ ನೋಡಿದರೆ ನಂಬಬಹುದಿತ್ತು.

"ಅಕ್ಕ, ಮೆಟ್ಟಿಲಲ್ಲಿ ಹಿಡಿಯುತ್ತಾ ಇದು?" ಎಂದು ಫಾದರ್ ಕೇಳಿದರು.

"ಹಿಡಿಯುತ್ತೆ ಫಾದರ್. ನಾನೇ ಅಳತೆ ತಗೊಂಡಿದೀನಿ," ಎಂದಳು ಟೈಲರಕ್ಕ. ಎರಡನೆಯದು ನಿಜ, ಮೊದಲನೆಯದು ಅರ್ಧ ನಿಜ ಎಂದು ಮನಸ್ಸಿನಲ್ಲೇ ಸಮಾಧಾನ ಮಾಡಿಕೊಂಡಳು.

ಅವಳು ಮೇಲಿನಿಂದ ದಾರಿ ತೋರಿಸುವುದು, ಗಂಡಸರಿಬ್ಬರು ಕೆಳಗಿನಿಂದ ಎತ್ತುವುದು. ಮೊದಲ ಮಹಡಿ ಆಯಿತು. ಎರಡನೆಯದೂ ಆಯಿತು. ತಿರುವು ಬಂತು. ಲೆಕ್ಕ ಹಾಕಿದ್ದಂತೆಯೇ ಮಂಚದ ತಲೆಹಲಗೆ ಗೋಡೆಗೆ ತಗುಲಿ ಕಟಕ್ಕೆಂದು ನಿಂತಿತು.

"ಅಯ್ಯೋ, ಸಿಕ್ಕಿಹಾಕ್ಕೊಂಡ್ತಲ್ಲ!" ಎಂದು ಟೈಲರಕ್ಕ ಮೂರನೇ ಮಹಡಿಗೆ ಕೇಳುವಂತೆ ಕೂಗಿದಳು. ಅವಳ ಉಪಾಯ ಅಲ್ಲಿಯವರೆಗೆ ಸರಿಯಾಗಿತ್ತು.

ಆದರೆ ಕಂಡಕ್ಟರನ ಉತ್ಸಾಹವನ್ನು ಅವಳು ಅಳೆದಿರಲಿಲ್ಲ. "ಜಾಗ ಇದೆ, ಜಾಗ ಇದೆ! ಫಾದರ್, ಒಂದೇ ಸಲ ತಳ್ಳೋಣ!" ಎಂದು ಅವನು ಹೆಗಲು ಕೊಟ್ಟ. ಫುಟ್‌ಬಾಲಿನ ಭುಜವೂ ಸೇರಿತು. ಟೈಲರಕ್ಕ "ಬೇಡ, ಬೇಡ" ಎನ್ನುವಷ್ಟರಲ್ಲಿ ಮಂಚ ಒಂದು ಮೊಳ ಮುಂದೆ ನುಗ್ಗಿ, ಓರೆಯಾಗಿ, ಅದರ ಒಂದು ಕಾಲು ಮೆಟ್ಟಿಲ ಕಂಬಿಗಳ ನಡುವೆ ತೂರಿ ಅಲ್ಲೇ ಕಚ್ಚಿಕೊಂಡಿತು. ತಲೆಹಲಗೆ ಮೇಲಿನ ಸೂರಿಗೆ ಒತ್ತಿಕೊಂಡಿತು. ಎಳೆದರೂ ಬರಲಿಲ್ಲ, ತಳ್ಳಿದರೂ ಹೋಗಲಿಲ್ಲ. ಕೆಳಗೆ ಫಾದರ್ ಮತ್ತು ಕಂಡಕ್ಟರು, ಮೇಲೆ ಟೈಲರಕ್ಕ, ನಡುವೆ ಬೆಕ್ಕು ಕೂಡ ನುಸುಳದಂತೆ ಮಂಚ.

ಇದು ಟೈಲರಕ್ಕನ ಲೆಕ್ಕದಲ್ಲಿರಲಿಲ್ಲ. ಐದು ನಿಮಿಷವಾಯಿತು. ಹತ್ತಾಯಿತು. ಕಂಡಕ್ಟರನ ಕೂಗಾಟ ಇಡೀ ಕಟ್ಟಡಕ್ಕೆ ಕೇಳುತ್ತಿತ್ತು. ಮೂರನೇ ಮಹಡಿಯ ಬಾಗಿಲು ತೆರೆಯಲಿಲ್ಲ. ಅದರ ಬದಲು ಒಳಗಿನಿಂದ ರೇಡಿಯೋ ಶುರುವಾಯಿತು. ಕಂಡಕ್ಟರು ದನಿ ಎತ್ತರಿಸಿದಷ್ಟೂ ರೇಡಿಯೋ ಕೂಡ ಎತ್ತರಿಸಿತು.

ಅಷ್ಟರಲ್ಲಿ ನಾಲ್ಕನೇ ಮಹಡಿಯಿಂದ ನರ್ಸಮ್ಮ ಇಳಿದು ಬಂದಳು. ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರ, ಹೆಗಲಲ್ಲಿ ಚೀಲ.

"ಇದೇನಕ್ಕ ಇದು?"

"ಮಂಚ," ಎಂದಳು ಟೈಲರಕ್ಕ ಸಣ್ಣ ದನಿಯಲ್ಲಿ.

"ಅದು ಕಾಣುತ್ತೆ. ಎರಡಕ್ಕೆ ನನ್ನ ಡ್ಯೂಟಿ. ಬೆಳಿಗ್ಗೆಯಿಂದ ಇರೋಳು ನಾನು ಹೋಗೋವರೆಗೂ ಮನೆಗೆ ಹೋಗೋ ಹಾಗಿಲ್ಲ. ಆಗಲೇ ಒಂದಾಗ್ತಾ ಬಂತು."

ಅವಳು ಚೀಲ ಕೆಳಗಿಟ್ಟು ಮಂಚ ಹತ್ತಿ ದಾಟಲು ನೋಡಿದಳು. ತಲೆಹಲಗೆಯ ಪಕ್ಕದ ಸಂದಿನಲ್ಲಿ ಕೈ ಹಿಡಿಯಿತು, ಉಳಿದದ್ದು ಹಿಡಿಯಲಿಲ್ಲ. ಮಂಚದ ಪಟ್ಟಿಗಳ ಸಂದಿನಲ್ಲಿ ಕೆಳಗಿನಿಂದ ಫಾದರ್ ಮುಖ ಕಂಡಿತು. ಬೆವರು ಇಳಿಯುತ್ತಿತ್ತು. "ನಮಸ್ಕಾರ ಸಿಸ್ಟರ್," ಎಂದರು ಅವರು, ಬೇರೆ ಏನು ಹೇಳುವುದೆಂದು ತೋಚದೆ.

ಟೈಲರಕ್ಕನಿಗೆ ಈಗ ನಿಜವಾಗಿ ಅಳು ಬಂತು. ಒಬ್ಬ ಹಟಮಾರಿಯನ್ನು ಹೊರಗೆ ಎಳೆಯಲು ಹೋಗಿ ಕೆಲಸಕ್ಕೆ ಹೊರಟವಳ ದಾರಿಗೆ ಅಡ್ಡ ಹಾಕಿದೆನಲ್ಲ ಎಂದು ನಾಚಿಕೆಯಾಯಿತು. ಬಾಗಿಲು ತಟ್ಟಿದಳು. "ಅಜ್ಜ, ದಮ್ಮಯ್ಯ, ಒಂದು ಸಲ ಬಂದು ನೋಡಿ." ರೇಡಿಯೋ ಕೃಷಿಯ ವಿಷಯ ಹೇಳುತ್ತಲೇ ಇತ್ತು.

ಆಗ ಕೆಳಗಿನಿಂದ ಕಂಡಕ್ಟರನ ದನಿ ಬಂತು: "ಇನ್ನೇನು ಮಾಡೋದು? ಕೆಳಗಿನ ಮನೇಲಿ ಗರಗಸ ಇದೆಯಂತೆ. ಮಂಚದ ಕಾಲು ಕುಯ್ದು ಹಾಕೋಣ!"

ರೇಡಿಯೋ ನಿಂತಿತು. ಚಿಲಕ ಸರಿದ ಸದ್ದು. ಬಾಗಿಲು ದಡಾರನೆ ತೆರೆಯಿತು.

"ಯಾವನೋ ಅದು ಗರಗಸ ಅಂದೋನು?"

ಕ್ರೇನಜ್ಜ ಬಾಗಿಲಲ್ಲಿ ನಿಂತಿದ್ದ. ಬನಿಯನ್ನು, ಕೊಳೆಯಾದ ಪೈಜಾಮ, ಎರಡು ವರ್ಷದ ಗಡ್ಡ. ಅವನು ಯಾರ ಮುಖವನ್ನೂ ನೋಡಲಿಲ್ಲ. ಮಂಚವನ್ನು ನೋಡಿದ. ಕಾಲು ಕಚ್ಚಿದ ಜಾಗ ನೋಡಿದ. ಬಗ್ಗಿ ಕೆಳಗಿನಿಂದ ನೋಡಿದ. ಆಮೇಲೆ ಬಂದರಿನಲ್ಲಿ ಮಾತ್ರ ಕೇಳಸಿಗುವ ಒಂದೆರಡು ಮಾತು ಆಡಿದ. ಫಾದರ್ ಕೆಳಗೆ ಕೆಮ್ಮಿದರು.

"ಒಬ್ಬ ಮನುಷ್ಯನ ಕಾಲು ಬಾಗಿಲಲ್ಲಿ ಸಿಕ್ಕಿಕೊಂಡ್ರೆ ಕಾಲು ಕುಯ್ತೀರೇನ್ರೋ?" ಎಂದ ಅಜ್ಜ. "ಯಾರೂ ಮಾತಾಡಬೇಡಿ. ಕೆಳಗಿರೋ ಕೂಗುಮಾರಿ, ನೀನಂತೂ ಉಸಿರೂ ಎತ್ತಬೇಡ. ನನ್ನ ಕೈ ನೋಡ್ಕೊಂಡಿರಿ. ಅಂಗೈ ಮೇಲಾದ್ರೆ ಎತ್ತಿ, ಕೆಳಗಾದ್ರೆ ಇಳಿಸಿ, ಮುಷ್ಟಿ ಕಟ್ಟಿದ್ರೆ ಕಲ್ಲಿನ ಹಾಗೆ ನಿಲ್ಲಿ. ಮಗಳೇ, ನಮ್ಮನೇಲಿ ನೀರಿನ ತೊಟ್ಟಿ ಹತ್ರ ಸೋಪಿದೆ, ತಗೊಂಡು ಬಾ. ಏನಮ್ಮ ಟೈಲರು, ಬೆಡ್‌ಶೀಟ್ ತಾ. ಹಾಗೇ ನೋಡ್ತಾ ನಿಂತ್ರೆ ಅದು ತಾನಾಗೇ ಬರಲ್ಲ."

ಟೈಲರಕ್ಕ ಓಡಿ ಒಳಗೆ ಹೋದಳು. ಏಳು ಗುರುವಾರ ಕಾದಿದ್ದ ಕೋಣೆಯನ್ನು ಕಣ್ಣೆತ್ತಿ ನೋಡಲೂ ಪುರುಸೊತ್ತಿರಲಿಲ್ಲ. ನೆಲದ ಮೇಲಿನ ಚಾಪೆ, ಕಿಟಕಿ ಬಳಿ ಒಂದೇ ಕುರ್ಚಿ, ಗೋಡೆಗೆ ಹೆಂಗಸಿನ ಒಂದು ಫೋಟೋ. ಬೆಡ್‌ಶೀಟ್ ಎಳೆದುಕೊಂಡು ಬಂದಳು.

ಅಜ್ಜ ಕಂಬಿಗಳಿಗೆ ಒದ್ದೆ ಸೋಪು ಉಜ್ಜಿದ. ಬೆಡ್‌ಶೀಟನ್ನು ತಲೆಹಲಗೆಗೆ ಗಂಟು ಹಾಕಿ ಒಂದು ತುದಿ ಟೈಲರಕ್ಕನಿಗೆ, ಇನ್ನೊಂದು ನರ್ಸಮ್ಮನಿಗೆ ಕೊಟ್ಟ. ಅಂಗೈ ನಿಧಾನವಾಗಿ ಮೇಲೆತ್ತಿದ. ಕೆಳಗೆ ಇಬ್ಬರೂ ಎತ್ತಿದರು. ಮುಷ್ಟಿ ಕಟ್ಟಿದ. ನಿಂತರು. ಒಂದು ಬೆರಳಿನಿಂದ ಕಾಲನ್ನು ತಿರುಗಿಸಿದ, ಮಗುವಿನ ಕಾಲಿಗೆ ಬೂಟು ತೊಡಿಸುವವನಂತೆ. ಸುಯ್ಯನೆ ಕಾಲು ಕಂಬಿಯಿಂದ ಹೊರಬಂತು.

ಕಂಡಕ್ಟರು "ಬಂತು!" ಎಂದು ಕೂಗಲು ಬಾಯಿ ತೆರೆದ. ಅಜ್ಜ ಮುಷ್ಟಿ ತೋರಿಸಿದ. ಬಾಯಿ ಮುಚ್ಚಿತು. ಹೀಗೆ ಅವನ ಬಾಯಿ ಮುಚ್ಚಿಸಿದವರು ಆವರೆಗೆ ಯಾರೂ ಇರಲಿಲ್ಲ.

"ಇಲ್ಲಿ ತಿರುಗಿಸೋಕೆ ಆಗಲ್ಲ," ಎಂದ ಅಜ್ಜ. "ಶುರುವಿನಲ್ಲೇ ತಪ್ಪಾಗಿದೆ. ರಸ್ತೆಗೆ ಇಳಿಸಿ, ಕಾಲು ಮುಂದೆ ಮಾಡಿ, ಮತ್ತೆ ತರಬೇಕು. ನಡೀರಿ."

ಮಂಚ ಒಂದೊಂದೇ ಮೆಟ್ಟಿಲು ಇಳಿಯತೊಡಗಿತು. ಮುಂದೆ ಹಿಮ್ಮುಖವಾಗಿ ಫಾದರ್ ಮತ್ತು ಕಂಡಕ್ಟರು, ಹಿಂದೆ ಕೈ ಆಡಿಸುತ್ತ ಕ್ರೇನಜ್ಜ, ಅವನ ಹಿಂದೆ ಬೆಡ್‌ಶೀಟ್ ಹಿಡಿದ ಟೈಲರಕ್ಕ, ಕೊನೆಗೆ ನಿಮಿಷಕ್ಕೊಮ್ಮೆ ಗಡಿಯಾರ ನೋಡುವ ನರ್ಸಮ್ಮ. ಎರಡನೇ ಮಹಡಿ. ಮೊದಲನೇ ಮಹಡಿ. ಅಜ್ಜನ ಕಣ್ಣು ಮಂಚದ ನಾಲ್ಕು ಮೂಲೆಗಳನ್ನು ಬಿಟ್ಟು ಬೇರೆ ಏನನ್ನೂ ನೋಡುತ್ತಿರಲಿಲ್ಲ. ಟೈಲರಕ್ಕ ಮಾತ್ರ ಅವನ ಕಾಲುಗಳನ್ನು ನೋಡುತ್ತಿದ್ದಳು. ಬರಿಗಾಲು, ಒಂದು ಮೆಟ್ಟಿಲನ್ನೂ ಮರೆತಿಲ್ಲವೆಂಬಂತೆ ಇಳಿಯುತ್ತಿದ್ದವು.

ಎರಡಕ್ಕೆ ಇಪ್ಪತ್ತು ನಿಮಿಷ ಇರುವಾಗ ಮಂಚ ರಸ್ತೆಯಲ್ಲಿತ್ತು. ನರ್ಸಮ್ಮ ಯಾರಿಗೂ ವಿದಾಯ ಹೇಳದೆ ಬಸ್ಸಿಗೆ ಓಡಿದಳು. ಅಜ್ಜ "ಇನ್ನು ತಿರುಗಿಸಿ" ಎಂದು ಕೈ ಎತ್ತಿದವನು ಹಾಗೇ ನಿಂತ. ಮುಖದ ಮೇಲೆ ಬಿಸಿಲು ಬಿದ್ದಿತ್ತು. ಕೈ ಅಡ್ಡ ಹಿಡಿದು ರಸ್ತೆಯ ಈ ತುದಿ ನೋಡಿದ, ಆ ತುದಿ ನೋಡಿದ. ತನ್ನ ಬರಿಗಾಲು ನೋಡಿಕೊಂಡ. 

"ಮೂಲೇಲಿದ್ದ ಬೇಕರಿ ಏನಾಯ್ತು?" ಎಂದು ಕೇಳಿದ ಕೊನೆಗೆ.

"ಮೊಬೈಲ್ ಅಂಗಡಿ ಆಗಿದೆ ಅಜ್ಜ," ಎಂದರು ಫಾದರ್.

"ನನ್ನವಳು ಇದ್ದಿದ್ರೆ ಬೈಕೊಂಡಿರೋಳು," ಎಂದು ಅಜ್ಜ ರಸ್ತೆಯ ನಡುವಿನ ಮಂಚದ ಮೇಲೆ ಕೂತುಬಿಟ್ಟ. ಫಾದರ್ ಓಡಿಹೋಗಿ ಎಲ್ಲಿಂದಲೋ ನಾಲ್ಕು ಲೋಟ ಟೀ ತಂದರು. ಒಂದು ಸೈಕಲ್ಲು, ಎರಡು ಕಾರು ಮಂಚವನ್ನು ಸುತ್ತಿಕೊಂಡು ಹೋದವು. ಕಾರಿನವನೊಬ್ಬ ಹಾರನ್ ಹೊಡೆದ. ಅಜ್ಜ ಟೀ ಲೋಟ ಎತ್ತಿ ಅವನಿಗೆ ತೋರಿಸಿದ.

ಗಂಡಸರಿಬ್ಬರು ತಮ್ಮ ಲೋಟ ವಾಪಸು ಕೊಡಲು ಹೋದಾಗ ಅಜ್ಜ ಟೈಲರಕ್ಕನ ಕಡೆ ವಾಲಿ ಮೆಲ್ಲಗೆ ಹೇಳಿದ: "ಹೋದ ಗುರುವಾರ ಟೇಪು ಹಿಡ್ಕೊಂಡು ಮೆಟ್ಟಿಲು ಅಳೀತಿದ್ಯಲ್ಲ, ಅಳತೆ ಸರಿಯಾಗಿ ಬಂತಾ?"

ಟೈಲರಕ್ಕನಿಗೆ ಟೀ ನೆತ್ತಿಗೇರಿತು. "ನೋಡಿದ್ರಾ?"

"ಬಾಗಿಲಲ್ಲಿ ತೂತು ಇರೋದು ಯಾತಕ್ಕೆ? ಏನೋ ಕಿತಾಪತಿ ಮಾಡ್ತಾಳೆ ಅಂತ ಅವತ್ತೇ ಗೊತ್ತಾಯ್ತು. ಮಾಡ್ಲಿ, ನಾನೂ ನೋಡ್ತೀನಿ ಅಂತ ರೇಡಿಯೋ ಹಾಕ್ಕೊಂಡು ಕೂತೆ. ಒಳಗೆ ನಕ್ಕೂ ನಕ್ಕೂ ಪಕ್ಕೆ ನೋವು ಬಂತು. ಆ ಗರಗಸ ಒಂದು ಅನ್ನದೆ ಇದ್ದಿದ್ರೆ ಸಂಜೆವರೆಗೂ ಆಡಿಸ್ತಿದ್ದೆ."

"ಪಾಪ, ಆ ಹುಡುಗಿ ಡ್ಯೂಟಿಗೆ ಲೇಟಾಗ್ತಿತ್ತಲ್ಲ ಅಜ್ಜ!"

ಅಜ್ಜನ ನಗು ನಿಂತಿತು. "ಅವಳು ಇದ್ದಿದ್ದು ರೇಡಿಯೋ ಗಲಾಟೇಲಿ ಗೊತ್ತಾಗ್ಲಿಲ್ಲ. ಅದು ನಂದೂ ತಪ್ಪು, ನಿಂದೂ ತಪ್ಪು."

ಮಂಚ ಎರಡನೇ ಸಲ ಹತ್ತು ನಿಮಿಷದಲ್ಲಿ ಮೂರನೇ ಮಹಡಿ ಸೇರಿತು. ಗೋಡೆಯ ಸುಣ್ಣ ಕೂಡ ಉದುರಲಿಲ್ಲ. ಅಜ್ಜ ಅದನ್ನು ಕಿಟಕಿ ಬಳಿ ಹಾಕಿಸಿ, ಒತ್ತಿ ನೋಡಿ, "ಇದು ದಾನ ಅಲ್ಲ, ಗೊತ್ತಾಯ್ತಾ? ಇಷ್ಟು ಹೊತ್ತು ದುಡಿದಿದ್ದಕ್ಕೆ ನನ್ನ ಕೂಲಿ," ಎಂದು ಎಲ್ಲರನ್ನೂ ಹೊರಗೆ ಹಾಕಿ ಬಾಗಿಲು ಹಾಕಿಕೊಂಡ.

ಶನಿವಾರ ಟೈಲರಕ್ಕ ಪಾಪನಿವೇದನೆಗೆ ಹೋದಳು. ಜಾಲರಿಯ ಆಚೆ ಫಾದರ್ ಕೂತಿದ್ದರು. ಅವರ ಭುಜದಿಂದ ನೋವಿನ ಮುಲಾಮಿನ ವಾಸನೆ ಗಮ್ಮೆಂದು ಬರುತ್ತಿತ್ತು. ಅವಳು ಎಲ್ಲ ಹೇಳಿದಳು, ನಾಲ್ಕು ಬೆರಳಿನ ಲೆಕ್ಕವನ್ನೂ ಬಿಡದೆ.

 ಆಚೆ ಕಡೆಯಿಂದ ಏನನ್ನೋ ನುಂಗಿಕೊಂಡಂಥ ಸದ್ದು ಬಂತು. ಅದು ಸಿಟ್ಟೋ ನಗುವೋ ಅವಳಿಗೆ ತಿಳಿಯಲಿಲ್ಲ.

"ಪಶ್ಚಾತ್ತಾಪ ಇದೆಯಾ?" ಎಂದರು ಫಾದರ್.

"ನರ್ಸಮ್ಮನ ವಿಷಯಕ್ಕೆ ಇದೆ ಫಾದರ್. ನಿಮ್ಮ ಭುಜಕ್ಕೂ ಇದೆ. ಅಜ್ಜ ಕೆಳಗಿಳಿದಿದ್ದಕ್ಕೆ ಮಾತ್ರ ಎಷ್ಟು ಪ್ರಯತ್ನ ಪಟ್ಟರೂ ಬರ್ತಿಲ್ಲ."

"ಇರೋದಕ್ಕೆ ಕ್ಷಮೆ ಇದೆ. ಪ್ರಾಯಶ್ಚಿತ್ತಕ್ಕೆ, ನರ್ಸಮ್ಮನ ಹತ್ರ ಹೋಗಿ ಕ್ಷಮೆ ಕೇಳಿ. ಆಮೇಲೆ ನಿಮ್ಮ ಜೋಡಿ ಕಂಡಕ್ಟರಿಗೆ ಪೂರ್ತಿ ವಿಷಯ ಹೇಳಿ."

"ಫಾದರ್, ಬೇಕಾದ್ರೆ ಐವತ್ತು ಜಪಮಾಲೆ ಹೇಳ್ತೀನಿ..."

"ಕಂಡಕ್ಟರಿಗೆ ಹೇಳಿ," ಎಂದರು ಫಾದರ್.

ನರ್ಸಮ್ಮ ಅಂದು ಸರಿಯಾದ ಸಮಯಕ್ಕೇ ಮುಟ್ಟಿದ್ದಳು. ಬೈದಳು, ಆಮೇಲೆ ನಕ್ಕಳು. ಕಂಡಕ್ಟರು ನಗಲಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ವಿಷಯ ಕೇಳಿ ಅವನ ಕಿವಿ ಕೆಂಪಾದವು.

"ಅಂದ್ರೆ ನಾನು ಅಷ್ಟು ಹೊತ್ತು ತಳ್ಳಿದ್ದು ಹೋಗಬಾರದು ಅಂತಿದ್ದ ಮಂಚಾನ? ಒಂದು ಮಾತು ಹೇಳಿದ್ರೆ ನಾನು ಬಾಯಿ ಬಿಡ್ತಿದ್ನಾ ಅಕ್ಕ?"

ಟೈಲರಕ್ಕ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ಬಾಯಿಗೆ ಬೀಗ ಹಾಕಿಕೊಂಡು ಹೊರಟುಹೋದ.

ಸೋಮವಾರದ ಸಭೆಯಲ್ಲೂ ಅವನು ಕೋಣೆಯ ದೂರದ ಮೂಲೆಯ ಪುಟ್ಟ ಕುರ್ಚಿಯಲ್ಲಿ ಕೂತ. ಪ್ರಾರ್ಥನೆ ಅರ್ಧವಾಗಿರುವಾಗ ಬಾಗಿಲು ತೆರೆಯಿತು. ಗಡ್ಡ ಬೋಳಿಸಿ, ಕಾಲಿಗೆ ಬೂಟು ಹಾಕಿಕೊಂಡ ಕ್ರೇನಜ್ಜ ಒಳಬಂದ. ಮಕ್ಕಳ ಕುರ್ಚಿಯನ್ನು ಎಡಗಾಲಿನಿಂದ ಅಲುಗಿಸಿ ನೋಡಿ, ಕೂರದೆ ನಿಂತ.

"ಇಲ್ಲಿ ಸಾಮಾನು ಸಾಗಿಸೋ ಕೆಲಸ ಯಾರು ನೋಡ್ಕೋತಾರೆ?"

ಯಾರೂ ಇಲ್ಲ ಎಂದರು ಅಂದು ಸಭೆಗೆ ಬಂದಿದ್ದ ಫಾದರ್.

"ಅದು ಕಣ್ಣಾರೆ ನೋಡಿದೀನಿ. ಇವತ್ತಿಂದ ನಾನು. ಈ ಗುರುವಾರ ಏನಿದೆ?"

ಈ ಗುರುವಾರ ಇದ್ದದ್ದು ಕಾಲು ಮುರಿದುಕೊಂಡ ಒಬ್ಬ ಅಗಸಗಿತ್ತಿಗೆ ಒಂದು ಗಾಲಿಕುರ್ಚಿ. ಮನೆ ನೆಲಮಹಡಿ. ಎತ್ತುವ ಕೆಲಸವೇ ಇರಲಿಲ್ಲ. ಆದರೂ ಅಜ್ಜ ಬಂದ, ಕುರ್ಚಿಯನ್ನು ತಾನೇ ತಳ್ಳಿಕೊಂಡು. ಅವನ ಒಂದು ಬದಿಗೆ ಟೈಲರಕ್ಕ, ಇನ್ನೊಂದು ಬದಿಗೆ ಕಂಡಕ್ಟರು.

ಅಗಸಗಿತ್ತಿಯ ಮನೆ ಎಂದರೆ ಒಂದೇ ಕೋಣೆ, ತುಂಬಾ ಇಸ್ತ್ರಿಯ ಕಾವು. ಕಾಲಿಗೆ ಪಟ್ಟಿ ಕಟ್ಟಿಕೊಂಡೇ ಕೂತು ಅಂಗಿ ಮಡಚುತ್ತಿದ್ದಳು. ಕಂಡಕ್ಟರು ಅವಳೊಡನೆ ಚೆನ್ನಾಗಿಯೇ ಮಾತಾಡಿದ. ಟೈಲರಕ್ಕನ ವಿಷಯ ಬಂದಾಗ ಮಾತ್ರ ಗೋಡೆಯ ಕಡೆ ತಿರುಗುತ್ತಿದ್ದ.

"ಅಜ್ಜ, ನಿಮ್ಮ ಪಕ್ಕದಲ್ಲಿರೋರಿಗೆ ಹೇಳಿ, ಔಷಧಿ ಚೀಟಿ ಅವರ ಹತ್ರಾನೇ ಇದೆ ಅಂತ."

"ಅಜ್ಜ, ಅವರಿಗೆ ಹೇಳಿ, ಚೀಟಿ ಆಗಲೇ ಕೊಟ್ಟಾಯ್ತು ಅಂತ," ಎಂದಳು ಟೈಲರಕ್ಕ.

"ಕೊಡೋ ಮುಂಚೆ ಹೇಳೋ ಅಭ್ಯಾಸ ಕೆಲವರಿಗೆ ಇರಲ್ಲ ಅಂತ ಹೇಳಿ ಅಜ್ಜ."

ಅಗಸಗಿತ್ತಿ ಅಂಗಿ ಮಡಚುವುದು ಬಿಟ್ಟು ಇವನ ಮುಖ, ಅವಳ ಮುಖ ನೋಡಿದಳು. ಆಮೇಲೆ ಮರುಕದಿಂದ ಕೇಳಿದಳು: "ಮದುವೆಯಾಗಿ ಎಷ್ಟು ವರ್ಷ ಆಯ್ತು ನಿಮ್ಮಿಬ್ಬರಿಗೆ?"

"ಅಯ್ಯಯ್ಯೋ!" ಎಂದರು ಇಬ್ಬರೂ ಒಂದೇ ಉಸಿರಿಗೆ.

ನಾಲ್ಕು ದಿನದಲ್ಲಿ ಅವರು ಒಟ್ಟಿಗೆ ಆಡಿದ ಮೊದಲ ಮಾತು ಅದು. ಕಂಡಕ್ಟರು ಟೈಲರಕ್ಕನ ಮುಖ ನೋಡಿದ, ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಮೊದಲು ಅವನ ಹೊಟ್ಟೆ ಕುಲುಕಿತು. ಟೈಲರಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಅಗಸಗಿತ್ತಿ ಏನು ತಪ್ಪಾಯಿತೋ ಎಂದು ಗಾಬರಿಯಾಗಿ, ಆಮೇಲೆ ಅವಳೂ ಸೇರಿಕೊಂಡಳು, ಮುರಿದ ಕಾಲು ಅಲುಗಿ "ಅಮ್ಮಾ" ಎನ್ನುತ್ತಲೇ ನಕ್ಕಳು.

"ಇದನ್ನ ನನ್ನ ಹೆಂಡ್ತಿಗೆ ಹೇಳಿದ್ರೆ ಒಂದು ವಾರ ನಗ್ತಾಳೆ," ಎಂದ ಕಂಡಕ್ಟರು ಕಣ್ಣೊರೆಸಿಕೊಳ್ಳುತ್ತ.

"ಒಂದು ಮನೇಲಿ ಕಂಡಿದ್ದನ್ನ ಇನ್ನೊಂದು ಮನೇಲಿ ಆಡೋ ಹಾಗಿಲ್ಲ ಕಂಡಕ್ಟ್ರೇ," ಎಂದಳು ಟೈಲರಕ್ಕ.

"ಇದು ಕಂಡಿದ್ದಲ್ಲ ಅಕ್ಕ, ಕೇಳಿದ್ದು."

ಕ್ರೇನಜ್ಜನಿಗೆ ಇವರ ನಗುವಿನಲ್ಲಿ ಆಸಕ್ತಿ ಇರಲಿಲ್ಲ. ಅವನು ಬಗ್ಗಿ ಗಾಲಿಕುರ್ಚಿಯ ಚಕ್ರ ತಿರುಗಿಸಿ ನೋಡುತ್ತಿದ್ದ. ಒಂದು ಚಕ್ರ ಕಿರುಗುಡುತ್ತಿತ್ತು. "ಎಣ್ಣೆ ಇದೆಯಾಮ್ಮ ಮನೇಲಿ?" ಎಂದು ಅಗಸಗಿತ್ತಿಯನ್ನು ಕೇಳಿ, ಅವಳು ತೋರಿಸಿದ ಕಪಾಟಿನ ಕಡೆ ಅಂಗಿಯ ತೋಳು ಮಡಚಿಕೊಂಡು ಹೊರಟ.